ಸಿಪ್ರೋ ಮಾತ್ರೆ ಹೇಗೆ ತಗೋಬೇಕು, ಅದರ ಜೊತೆ ಏನೆಲ್ಲಾ ತಗೋಬಾರದು

ತಿಪಟೂರಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ, ನಾನು ಫಾರ್ಮಸಿಸ್ಟು, ಕೌಂಟರ್ ಹಿಂದೆ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಯಾಕಂದ್ರೆ "ಸಿಪ್ರೋ ಐನೂರು ನಾಲ್ಕು ಕೊಡಿ ಸಾರ್" ಅಂತ ಚೀಟಿ ಇಲ್ದೆ ಕೇಳೋರು ಇವತ್ತಿಗೂ ಬರ್ತಾರೆ, ಉರಿಮೂತ್ರಕ್ಕೂ ಅದೇ, ಭೇದಿಗೂ ಅದೇ, ಕಾಲಿನ ಗಾಯ ಕೀವಾದ್ರೂ ಅದೇ. ಚೀಟಿ ತಂದೋರಿಗೂ ಡಾಕ್ಟ್ರು ಹೇಳಿದ್ದರಲ್ಲಿ "ದಿನಕ್ಕೆ ಎರಡು" ಅನ್ನೋದೊಂದು ಬಿಟ್ರೆ ಬೇರೇನೂ ನೆನಪಿರಲ್ಲ. ಈ ಮಾತ್ರೆ ಕೆಲಸ ಮಾಡತ್ತೋ ಇಲ್ವೋ, ಮಾಡಿದ್ರೂ ತೊಂದ್ರೆ ಕೊಡತ್ತೋ ಇಲ್ವೋ ಅನ್ನೋದು ಬಹಳ ಮಟ್ಟಿಗೆ ಅದರ ಅಕ್ಕಪಕ್ಕದಲ್ಲಿ ನೀವು ಇನ್ನೇನು ನುಂಗ್ತೀರಿ, ಯಾವಾಗ ನುಂಗ್ತೀರಿ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಮೊದಲನೇ ಮಾತ್ರೆ ಬಾಯಿಗೆ ಹಾಕೋ ಮುಂಚೆ ಇದನ್ನ ಪೂರ್ತಿ ಓದಿ. ಎಷ್ಟು ಎಂಜಿ, ಎಷ್ಟು ದಿನ ಅನ್ನೋದು ಮಾತ್ರ ನಿಮ್ಮನ್ನ ನೋಡಿದ ಡಾಕ್ಟ್ರೇ ಹೇಳ್ಬೇಕು, ಅದನ್ನ ನಾನು ಇಲ್ಲಿ ಹೇಳಲ್ಲ.

ಮೊದಲು ಶೀಟಿನ ಹಿಂದೆ ಓದಿ

ಮುಂದೆ ದೊಡ್ಡಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು, ಅದು ನೂರಾರು ಥರ ಇರತ್ತೆ, ಹಿಂದೆ ಸಣ್ಣಕ್ಷರದಲ್ಲಿ ಇರೋದೇ ಔಷಧಿಯ ನಿಜವಾದ ಹೆಸರು. ಅದರ ಕೊನೆಗೆ "ಫ್ಲಾಕ್ಸಾಸಿನ್" ಅಂತ ಇದ್ರೆ ಎಲ್ಲಾ ಒಂದೇ ಮನೆತನದ್ದು: ಸಿಪ್ರೋಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್. ಇವನ್ನೆಲ್ಲಾ ಸೇರಿಸಿ ಫ್ಲೋರೋಕ್ವಿನೋಲೋನ್ ಅಂತಾರೆ. ಒಂದಕ್ಕೆ ಅಲರ್ಜಿ ಆಗಿದ್ರೆ ಇನ್ನೊಂದನ್ನೂ ಮುಟ್ಟಬಾರದು. ಭೇದಿಗೆ ಅಂತ ಕೊಡೋ ಎಷ್ಟೋ ಮಾತ್ರೆಗಳಲ್ಲಿ ಆಫ್ಲಾಕ್ಸಾಸಿನ್ ಜೊತೆ ಆರ್ನಿಡಜೋಲ್ ಸೇರಿಸಿರ್ತಾರೆ, ಆದ್ದರಿಂದ "ನಂಗೆ ಸಿಪ್ರೋ ಆಗಲ್ಲ, ಆದ್ರೆ ಈ ಭೇದಿ ಮಾತ್ರೆ ಪರ್ವಾಗಿಲ್ಲ" ಅನ್ನೋರು ಒಂದ್ಸಲ ಹಿಂದೆ ತಿರುಗಿಸಿ ನೋಡ್ಲೇಬೇಕು.

ಈ ಮನೆತನದ ಹಿರಿತಲೆ ಅಂದ್ರೆ 1962ರಲ್ಲಿ ಬಂದ ನ್ಯಾಲಿಡಿಕ್ಸಿಕ್ ಆಸಿಡ್, ಮಲೇರಿಯಾದ ಕ್ಲೋರೋಕ್ವಿನ್ ತಯಾರಿಸುವಾಗ ಪಕ್ಕದಲ್ಲಿ ಸಿಕ್ಕಿದ ಪದಾರ್ಥದಿಂದ ಹುಟ್ಟಿದ್ದು. ಅದಕ್ಕೆ ಫ್ಲೋರಿನ್ ಸೇರಿಸಿ ಬಲ ಹೆಚ್ಚಿಸಿದ್ರು, ಬೇಯರ್ ಕಂಪನಿಯ ಸಿಪ್ರೋಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಕೆಲಸ ಮಾಡೋ ರೀತಿ ನಮ್ಮೂರ ಕಡೆಯೋರಿಗೆ ಹಗ್ಗ ಹೊಸೆಯೋದು ನೆನೆಸ್ಕೊಂಡ್ರೆ ಸುಲಭ. ಬ್ಯಾಕ್ಟೀರಿಯಾ ಒಳಗಿನ ಡಿಎನ್‌ಎ ನಾರಿನ ಹಗ್ಗದ ಥರ ಹುರಿಗೊಂಡಿರತ್ತೆ, ಅದು ಎರಡಾಗ್ಬೇಕಾದ್ರೆ ಹುರಿ ಬಿಚ್ಚಬೇಕು, ಬಿಚ್ಚೋವಾಗ ಮುಂದೆ ಮುಂದೆ ಗಂಟಾಗತ್ತೆ, ಆಗ ಡಿಎನ್‌ಎ ಗೈರೇಸ್ ಅನ್ನೋ ಕಿಣ್ವ ಹಗ್ಗ ಕತ್ತರಿಸಿ ಗಂಟು ಸಡಿಲಿಸಿ ಮತ್ತೆ ಕೂಡಿಸತ್ತೆ. ಸಿಪ್ರೋ ಹೋಗಿ ಸರಿಯಾಗಿ ಕತ್ತರಿಸಿದ ಮೇಲೆ, ಕೂಡಿಸೋಕೆ ಮುಂಚೆ, ಅಡ್ಡ ಕೂತ್ಕೊಳತ್ತೆ. ಕತ್ತರಿಸಿದ್ದು ಹಾಗೇ ಉಳಿಯತ್ತೆ, ಬ್ಯಾಕ್ಟೀರಿಯಾ ಸಾಯತ್ತೆ. ವೈರಸ್‌ಗಳಲ್ಲಿ ಈ ಕಿಣ್ವ ಇಲ್ಲ, ಹಾಗಾಗಿ ಶೀತ, ಫ್ಲೂ, ಡೆಂಗಿ, ಚಿಕೂನ್‌ಗುನ್ಯಕ್ಕೆ ಸಿಪ್ರೋ ನುಂಗಿದ್ರೆ ಅಡ್ಡ ಪರಿಣಾಮ ಬಿಟ್ಟು ಬೇರೇನೂ ಸಿಗಲ್ಲ.

ಯಾವುದಕ್ಕೆ ಕೊಡ್ತಾರೆ, ಯಾವುದಕ್ಕೆ ಬೇಡ

ಕಿಡ್ನಿವರೆಗೆ ಏರಿದ ಮೂತ್ರದ ಸೋಂಕು, ಪ್ರಾಸ್ಟೇಟ್ ಸೋಂಕು, ಕೆಲವು ಥರದ ರಕ್ತಭೇದಿ, ಮೂಳೆ ಸೋಂಕು, ಸ್ಯೂಡೋಮೋನಾಸ್ ಅನ್ನೋ ಮೊಂಡು ಬ್ಯಾಕ್ಟೀರಿಯಾ, ಇಂಥಾದ್ದಕ್ಕೆ ಇದು ನಿಜವಾಗ್ಲೂ ಬೆಲೆಬಾಳೋ ಔಷಧಿ, ಸ್ಯೂಡೋಮೋನಾಸ್‌ಗಂತೂ ಬಾಯಲ್ಲಿ ತಗೊಳ್ಳೋ ಮಾತ್ರೆ ಅಂತ ಇರೋದೇ ಇದು ಮತ್ತು ಲೆವೋಫ್ಲಾಕ್ಸಾಸಿನ್, ಅಷ್ಟೇ ಅನ್ನಬಹುದು. ಅಂಥ ಮಾತ್ರೇನ ಸಣ್ಣಪುಟ್ಟದ್ದಕ್ಕೆ ಖರ್ಚು ಮಾಡಿ ಮಾಡಿ ಬ್ಯಾಕ್ಟೀರಿಯಾಗಳಿಗೆ ಅಭ್ಯಾಸ ಮಾಡಿಸಿಬಿಟ್ಟಿದ್ದೀವಿ. 90ರ ದಶಕದಲ್ಲಿ ಟೈಫಾಯ್ಡ್ ಅಂದ್ರೆ ಸಿಪ್ರೋ ಅನ್ನೋ ಹಾಗಿತ್ತು, ಈಗ ನಮ್ಮ ದೇಶದ ಟೈಫಾಯ್ಡ್ ಬ್ಯಾಕ್ಟೀರಿಯಾ ಬಹುಪಾಲು ಅದಕ್ಕೆ ಬಗ್ಗಲ್ಲ, ಡಾಕ್ಟ್ರು ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕಡೆ ಹೋಗಿದ್ದಾರೆ. ಮೂತ್ರದ ಸೋಂಕು ತರೋ ಇ. ಕೋಲೈ ಕಥೆನೂ ಹಾಗೇ ಆಗಿದೆ. ಅದಕ್ಕೇ ಮೂತ್ರದ ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಿಗೆ ಸಾಯತ್ತೆ ಅಂತ ನೋಡೋ ಪರೀಕ್ಷೆ) ಮಾಡಿಸಿ ಅಂತ ಡಾಕ್ಟ್ರು ಬರೆದ್ರೆ ದುಡ್ಡು ದಂಡ ಅಂದ್ಕೋಬೇಡಿ, ಮಾತ್ರೆ ಶುರು ಮಾಡೋ ಮುಂಚೆನೇ ಸ್ಯಾಂಪಲ್ ಕೊಡಿ. ರಿಪೋರ್ಟಲ್ಲಿ ಸಿಪ್ರೋಫ್ಲಾಕ್ಸಾಸಿನ್ ಮುಂದೆ "ಆರ್" ಅಂತ ಇದ್ರೆ ಆ ಬ್ಯಾಕ್ಟೀರಿಯಾ ಇದಕ್ಕೆ ಸಾಯಲ್ಲ, "ಎಸ್" ಅಂತ ಇದ್ರೆ ಸಾಯತ್ತೆ.

ಸಾಮಾನ್ಯ ಸೈನಸ್, ಬ್ರಾಂಕೈಟಿಸ್, ಸುಲಭದ ಉರಿಮೂತ್ರ ಇವಕ್ಕೆ ಬೇರೆ ದಾರಿ ಇರೋವಾಗ ಈ ಗುಂಪನ್ನ ಮುಟ್ಟಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆನೂ ಇವನ್ನ "ವಾಚ್" ಪಟ್ಟಿಯಲ್ಲಿಟ್ಟಿದೆ, ಅಂದ್ರೆ ಕಣ್ಣಿಟ್ಟು ಜೋಪಾನವಾಗಿ ಬಳಸ್ಬೇಕಾದ್ದು.

ಕೆಮ್ಮಿನ ವಿಷಯ ಬೇರೆಯಾಗೇ ಹೇಳ್ಬೇಕು. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು ಇಟ್ಕೊಂಡು ಯಾರೂ ಲೆವೋಫ್ಲಾಕ್ಸಾಸಿನ್ ಕೇಳ್ಕೊಂಡು ಬರ್ಬೇಡಿ, ಮೊದಲು ಕಫ ಪರೀಕ್ಷೆ ಮಾಡಿಸಿ. ಲೆವೋ ಮತ್ತು ಮಾಕ್ಸಿ ಎರಡೂ ಟಿಬಿ ಬ್ಯಾಕ್ಟೀರಿಯಾನೂ ಹೊಡೆಯತ್ತೆ, ಒಂದು ವಾರ ತಗೊಂಡ್ರೆ ಟಿಬಿ ಇದ್ದೋರಿಗೂ ಸ್ವಲ್ಪ ಗೆಲುವಾದ ಹಾಗೆ ಆಗತ್ತೆ, ಕಫದಲ್ಲಿ ಬ್ಯಾಕ್ಟೀರಿಯಾ ಸಿಗಲ್ಲ, ಕಾಯಿಲೆ ಗೊತ್ತಾಗೋದು ತಡವಾಗತ್ತೆ, ಅಷ್ಟರಲ್ಲಿ ಒಳಗಿರೋದು ಆ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗತ್ತೆ. ಔಷಧಿಗೆ ಬಗ್ಗದ ಟಿಬಿಗೆ ಕೊಡೋ ಹೊಸ ಆರು ತಿಂಗಳ ಚಿಕಿತ್ಸೆಯ ನಾಲ್ಕು ಔಷಧಿಗಳಲ್ಲಿ ಒಂದು ಇದೇ ಮಾಕ್ಸಿಫ್ಲಾಕ್ಸಾಸಿನ್. ಅದಕ್ಕೇ ಲೆವೋ, ಮಾಕ್ಸಿ ಎರಡೂ ಶೆಡ್ಯೂಲ್ ಎಚ್1 ಅನ್ನೋ ಸರ್ಕಾರದ ಬಿಗಿ ಪಟ್ಟಿಯಲ್ಲಿವೆ, 2014ರ ಮಾರ್ಚ್ 1ರಿಂದ ಜಾರಿ, ನಾವು ಅಂಗಡಿಯೋರು ರೋಗಿ ಹೆಸರು, ಡಾಕ್ಟ್ರ ಹೆಸರು, ಎಷ್ಟು ಕೊಟ್ವಿ ಅಂತ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಕೋಬೇಕು. ಸಿಪ್ರೋ ಶೆಡ್ಯೂಲ್ ಎಚ್, ಅದಕ್ಕೂ ಚೀಟಿ ಬೇಕೇ ಬೇಕು. ಚೀಟಿ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ.

ನುಂಗೋ ಕ್ರಮ

ಸಿಪ್ರೋ ಸಾಮಾನ್ಯವಾಗಿ 12 ಗಂಟೆಗೊಂದು. ಬೆಳಗ್ಗೆ 7ಕ್ಕೆ ಅಂದ್ರೆ ರಾತ್ರಿ 7ಕ್ಕೆ, ತಿಂಡಿ ಆದ್ಮೇಲೆ 10ಕ್ಕೆ ಒಂದು, ಸಂಜೆ 5ಕ್ಕೆ ನೆನಪಾಗಿ ಒಂದು ಹೀಗಲ್ಲ. ಒಂದು ದೊಡ್ಡ ಲೋಟ ನೀರಲ್ಲಿ ಪೂರ್ತಿ ಮಾತ್ರೆ ನುಂಗ್ಬೇಕು, ಜಗಿದ್ರೆ ವಿಪರೀತ ಕಹಿ. ಊಟ ಆಗಿದ್ರೂ ಸರಿ, ಆಗ್ದಿದ್ರೂ ಸರಿ, ಹೊಟ್ಟೆ ತೊಳಸೋರು ತಿಂಡಿ ತಿಂದು ತಗೊಳ್ಳಿ. ದಿನಪೂರ್ತಿ ನೀರು ಚೆನ್ನಾಗಿ ಕುಡೀಬೇಕು, ಇಲ್ದಿದ್ರೆ ಈ ಔಷಧಿ ಮೂತ್ರದಲ್ಲಿ ಹರಳು ಕಟ್ಟೋ ಸಾಧ್ಯತೆ ಇದೆ.

ಇಲ್ಲೊಂದು ಮಾತು, ಯಾರೂ ಹೇಳಲ್ಲ. ಉರಿಮೂತ್ರ ಅಂದ ತಕ್ಷಣ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಸಿರಪ್ ಒಂದು ಬಾಟ್ಲಿ ತಗೊಂಡು ನೀರಿಗೆ ಹಾಕ್ಕೊಂಡು ಕುಡಿಯೋದು ನಮ್ಮಲ್ಲಿ ರೂಢಿ, ಅಡಿಗೆ ಸೋಡಾ ಕಲಸಿ ಕುಡಿಯೋರೂ ಇದಾರೆ. ಇವೆರಡೂ ಮೂತ್ರವನ್ನ ಕ್ಷಾರ ಮಾಡತ್ತೆ. ಸಿಪ್ರೋ ಹರಳು ಕಟ್ಟೋದೇ ಕ್ಷಾರ ಮೂತ್ರದಲ್ಲಿ. ಉರಿ ಕಮ್ಮಿ ಆಗ್ಲಿ ಅಂತ ಆ ಸಿರಪ್ಪನ್ನ ನೀವಾಗೇ ಸೇರಿಸ್ಬೇಡಿ, ನೀರು ಸಾಕು. ಡಾಕ್ಟ್ರು ಎರಡೂ ಬರೆದಿದ್ರೆ ಒಂದ್ಸಲ ಕೇಳಿ.

ಮರೆತ್ರೆ ಏನ್ ಮಾಡೋದು? ಮುಂದಿನ ಮಾತ್ರೆಗೆ ಇನ್ನೂ 6 ಗಂಟೆ ಅಥವಾ ಹೆಚ್ಚು ಇದ್ರೆ ನೆನಪಾದ ತಕ್ಷಣ ತಗೊಳ್ಳಿ, ಅದಕ್ಕಿಂತ ಕಮ್ಮಿ ಇದ್ರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಯಾವತ್ತೂ ಬೇಡ.

ಹಾಲು, ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್

ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಮಾತ್ರೆ ದಂಡವಾಗೋದು ಹೆಚ್ಚು ಇಲ್ಲೇ.

ನಮ್ಮ ದೊಡ್ಡಮ್ಮಂಗೆ ಕಿಡ್ನಿ ಸೋಂಕಾಗಿ ಚಳಿಜ್ವರ ಬಂದಿತ್ತು. ಕಲ್ಚರ್ ರಿಪೋರ್ಟಲ್ಲಿ ಸಿಪ್ರೋ ಮುಂದೆ "ಎಸ್", ಡಾಕ್ಟ್ರು 500 ಎಂಜಿ ಎರಡು ಹೊತ್ತು 7 ದಿನಕ್ಕೆ ಬರೆದಿದ್ರು, ಎಲ್ಲಾ ಸರಿಯಾಗೇ ಇತ್ತು. ಮೂರು ದಿನ ಆದ್ರೂ ಜ್ವರ ಇಳೀಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ನಾನೇ ಅವರ ಮನೆಗೆ ಹೋದೆ. ದೊಡ್ಡಮ್ಮ ಸ್ಟೀಲ್ ಡಬ್ಬಿಯ ಮುಚ್ಚಳ ತೊಡೆ ಮೇಲೆ ಇಟ್ಕೊಂಡು ಅದರಲ್ಲಿ ಬೆಳಗಿನ ಮಾತ್ರೆಗಳನ್ನೆಲ್ಲಾ ಬಿಡಿಸಿ ಇಡ್ತಾ ಇದ್ರು: ಬಿಳೀ ಸಿಪ್ರೋ, ಮೂಳೆಗೆ ಅಂತ ತಗೊಳ್ಳೋ ದೊಡ್ಡ ಕ್ಯಾಲ್ಸಿಯಂ, ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ, ನಿಶ್ಶಕ್ತಿಗೆ ಜಿಂಕ್ ಇರೋ ಬಿ ಕಾಂಪ್ಲೆಕ್ಸ್. ಪಕ್ಕದಲ್ಲಿ ಹಾಲು ಹಾಕಿದ ರಾಗಿ ಮಾಲ್ಟ್ ಒಂದು ಲೋಟ, ಎಲ್ಲಾ ಒಟ್ಟಿಗೆ ಬಾಯಿಗೆ ಹಾಕ್ಕೊಂಡು ಅದನ್ನ ಕುಡಿದ್ರೆ ಆಯ್ತು, ಆಮೇಲೆ ಎದೆ ಉರಿ ಅಂತ ಎರಡು ಚಮಚ ಆಂಟಾಸಿಡ್. "ಹೊಟ್ಟೆ ಖಾಲಿ ಇರ್ಬಾರ್ದು ಅಂತ ಹಾಲಲ್ಲೇ ತಗೋತೀನಪ್ಪ, ಒಂದು ಹೊತ್ತೂ ತಪ್ಪಿಸಿಲ್ಲ" ಅಂದ್ರು. ನಿಜಕ್ಕೂ ಒಂದು ಹೊತ್ತೂ ತಪ್ಪಿಸಿರ್ಲಿಲ್ಲ ಪಾಪ.

ಆಗಿದ್ದೇನಂದ್ರೆ ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವು ಹೊಟ್ಟೆಯಲ್ಲಿ ಸಿಪ್ರೋನ ಗಟ್ಟಿಯಾಗಿ ಹಿಡ್ಕೊಂಡುಬಿಡತ್ತೆ, ಆ ಜೋಡಿ ಕರುಳಿಂದ ರಕ್ತಕ್ಕೆ ಹೋಗೋಕೆ ಆಗಲ್ಲ, ನೇರವಾಗಿ ಮಲದಲ್ಲಿ ಹೋಗತ್ತೆ. ಬರೀ ಹಾಲು ಅಥವಾ ಮೊಸರಿನ ಜೊತೆ ತಗೊಂಡ್ರೆ ರಕ್ತಕ್ಕೆ ಸೇರೋ ಸಿಪ್ರೋ ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗತ್ತೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರೋ ಆಂಟಾಸಿಡ್ ಕುಡಿದ ಹಿಂದೆಯೇ ಸಿಪ್ರೋ ತಗೊಂಡ್ರೆ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಹಾಳು. ಅರ್ಧಂಬರ್ಧ ಡೋಸಿಗೆ ಬ್ಯಾಕ್ಟೀರಿಯಾ ಸಾಯಲ್ಲ, ಉಳಿದದ್ದು ಮೊಂಡಾಗತ್ತೆ.

ನಿಯಮ ಇಷ್ಟೇ: ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಆಂಟಾಸಿಡ್, ಅಲ್ಸರ್‌ಗೆ ಕೊಡೋ ಸುಕ್ರಾಲ್‌ಫೇಟ್ ಇವು ಯಾವುದೇ ಇದ್ರೂ ಸಿಪ್ರೋ ತಗೊಂಡು ಕನಿಷ್ಠ 2 ಗಂಟೆ ಆದ್ಮೇಲೆ ತಗೊಳ್ಳಿ, ಮತ್ತೆ ಅವನ್ನ ತಗೊಂಡ್ಮೇಲೆ ಮುಂದಿನ ಸಿಪ್ರೋಗೆ ಕನಿಷ್ಠ 6 ಗಂಟೆ ಅಂತರ ಇರ್ಲಿ. ಲೆಕ್ಕ ಹಾಕಿ ನೋಡಿ, ಸಿಪ್ರೋ ಬೆಳಗ್ಗೆ 7 ಮತ್ತು ರಾತ್ರಿ 7ಕ್ಕೆ ಅಂದ್ರೆ ಮಿಕ್ಕಿದ್ದಕ್ಕೆಲ್ಲಾ ಹಗಲಲ್ಲಿ 9ರಿಂದ 1ರ ಒಳಗೆ ಒಂದು ಸಂದು, ರಾತ್ರಿ 9ರ ಮೇಲೆ ಮಲಗೋವಾಗ ಇನ್ನೊಂದು ಸಂದು. ದೊಡ್ಡಮ್ಮಂಗೆ ಕ್ಯಾಲ್ಸಿಯಂ 11ಕ್ಕೆ ಇಟ್ಟೆ, ಕಬ್ಬಿಣ ಮತ್ತು ಬಿ ಕಾಂಪ್ಲೆಕ್ಸನ್ನ ಡಾಕ್ಟ್ರಿಗೆ ಫೋನ್ ಮಾಡಿ ಕೋರ್ಸ್ ಮುಗಿಯೋವರೆಗೆ ನಿಲ್ಲಿಸಿದ್ವಿ, ಆಂಟಾಸಿಡ್ ಬದಲು ಅವರು ಪ್ಯಾಂಟೋಪ್ರಜೋಲ್ ಬರೆದ್ರು, ಅದು ಲೋಹದ ಉಪ್ಪಲ್ಲ, ಸಿಪ್ರೋನ ಹಿಡ್ಕೊಳಲ್ಲ. ಎರಡು ದಿನದಲ್ಲಿ ಜ್ವರ ಬಿಡ್ತು.

ಲೆವೋ ಆದ್ರೆ ಹಿಂದೆ ಮುಂದೆ 2 ಗಂಟೆ ಸಾಕು, ಮಾಕ್ಸಿ ಆದ್ರೆ ಅದನ್ನ ತಗೊಂಡು 4 ಗಂಟೆ ಆದ್ಮೇಲೆ ಇವನ್ನ ತಗೊಳ್ಳಿ, ಇವನ್ನ ತಗೊಂಡ್ಮೇಲೆ ಮುಂದಿನ ಮಾಕ್ಸಿಗೆ 8 ಗಂಟೆ ಬಿಡಿ.

ಹಾಗಂತ ಊಟದಲ್ಲಿ ಮೊಸರೇ ಬೇಡ, ಮಜ್ಜಿಗೆ ಮುಟ್ಟಂಗಿಲ್ಲ ಅಂತ ಗಾಬರಿ ಬೇಡ. ಪೂರ್ತಿ ಊಟದ ಜೊತೆ ಸ್ವಲ್ಪ ಮೊಸರು ಬಂದ್ರೆ ಅಷ್ಟು ದೊಡ್ಡ ತೊಂದ್ರೆ ಇಲ್ಲ, ತೊಂದ್ರೆ ಇರೋದು ಬರೀ ಹಾಲಲ್ಲಿ, ಬರೀ ಮಜ್ಜಿಗೆಯಲ್ಲಿ, ಹಾಲಿನ ಮಾಲ್ಟಲ್ಲಿ ಮಾತ್ರೆ ನುಂಗೋದ್ರಲ್ಲಿ. ರಾಗಿಯಲ್ಲೇ ಕ್ಯಾಲ್ಸಿಯಂ ಬೇಕಾದಷ್ಟಿದೆ, 100 ಗ್ರಾಮಿಗೆ 300 ಎಂಜಿ ಮೇಲೆ, ಅದಕ್ಕೆ ಹಾಲೂ ಸೇರಿದ್ರೆ ಕೇಳ್ಬೇಕಾ, ಆದ್ದರಿಂದ ಮಾಲ್ಟ್, ಅಂಬಲಿ ಕುಡಿಯೋರು ಮಾತ್ರೆಗೆ ಎರಡು ಗಂಟೆ ಬಿಟ್ಟು ಕುಡೀರಿ. ಮೂಗಿಂದ ಟ್ಯೂಬ್ ಹಾಕಿ ಆಹಾರ ಕೊಡೋ ರೋಗಿ ಮನೇಲಿದ್ರೆ ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು, ಆ ಪುಡಿಗಳಲ್ಲೂ ಇವೇ ಲವಣಗಳಿರತ್ತೆ.

ಸೊಂಟ ನೋವಿನ ಮಾತ್ರೆ ಜೊತೆ ಯಾವ ಕಾರಣಕ್ಕೂ ಬೇಡ

ಮೇಲೆ ಹೇಳಿದ್ದು ಸಿಪ್ರೋ ಕೆಲಸ ಕೆಡಿಸೋ ವಿಷಯ. ಈಗ ಹೇಳೋದು ಸಿಪ್ರೋ ಬೇರೆ ಔಷಧಿಗಳನ್ನ ಕೆಡಿಸೋ ವಿಷಯ, ಇದು ಇನ್ನೂ ಅಪಾಯ.

ನಮ್ಮ ಲಿವರಲ್ಲಿ ಸಿವೈಪಿ1ಎ2 ಅಂತ ಒಂದು ಕಿಣ್ವ ಇದೆ, ಕೆಲವು ಔಷಧಿಗಳನ್ನ ಒಡೆದು ಹೊರಗೆ ಹಾಕೋದು ಅದರ ಕೆಲಸ. ಸಿಪ್ರೋ ಅದನ್ನ ಕಟ್ಟಿಹಾಕತ್ತೆ. ಆಗ ಆ ಔಷಧಿಗಳು ಖಾಲಿಯಾಗ್ದೆ ರಕ್ತದಲ್ಲಿ ತುಂಬ್ಕೊಳತ್ತೆ. ಎಲ್ಲದರಲ್ಲೂ ಕೆಟ್ಟದ್ದು ಟೈಜಾನಿಡಿನ್, ಸೊಂಟ, ಕತ್ತು ಹಿಡ್ಕೊಂಡ್ರೆ ಕೊಡೋ ಸ್ನಾಯು ಸಡಿಲಿಸೋ ಔಷಧಿ. ಸಿಪ್ರೋ ಜೊತೆ ತಗೊಂಡ್ರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು 10 ಪಟ್ಟು ಏರತ್ತೆ. ಒಂದು ಮಾತ್ರೆ ನುಂಗಿದ್ದು ಹತ್ತು ನುಂಗಿದ ಹಾಗೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಹೀಗೇ ಆಯ್ತು, ಸೊಂಟ ನೋವಿಗೆ ಒಬ್ಬ ಡಾಕ್ಟ್ರು, ಮೂತ್ರಕ್ಕೆ ಇನ್ನೊಬ್ಬ ಡಾಕ್ಟ್ರು, ಚೀಟಿ ಬೇರೆ ಬೇರೆ, ಅಂಗಡಿನೂ ಬೇರೆ ಬೇರೆ. ಮಧ್ಯಾಹ್ನ ಎರಡೂ ನುಂಗಿ ಒಂದು ಗಂಟೆಗೆಲ್ಲಾ ಎದ್ದು ನಿಂತೋರು ಹಾಗೇ ಕುಸಿದ್ರು, ಬಾಯಿ ಒಣಗಿ ಮಾತು ತೊದಲ್ತಿತ್ತು, ಮನೆಯೋರು ಸ್ಟ್ರೋಕ್ ಅಂದ್ಕೊಂಡ್ರು. ಬಿಪಿ ನೋಡಿದ್ರೆ ಪೂರ್ತಿ ಇಳಿದಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಒಂದು ರಾತ್ರಿ ಇಟ್ಕೊಂಡು ಕಳಿಸಿದ್ರು, ದೇವರ ದಯೆ. ಎರಡೂ ಚೀಟಿ ನಾನು ಆಮೇಲೆ ನೋಡಿದೆ, ಒಬ್ಬೊಬ್ಬರದ್ದೂ ಬಿಡಿಯಾಗಿ ಸರಿಯಾಗೇ ಇತ್ತು, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದೋರು ಯಾರೂ ಇರ್ಲಿಲ್ಲ. ಟೈಜಾನಿಡಿನ್ ಒಂಟಿಯಾಗಿ ಬರೋದು ಕಮ್ಮಿ, ನೋವಿನ ಮಾತ್ರೆ ಅಸಿಕ್ಲೋಫೆನಾಕ್ ಜೊತೆ ಸೇರಿಸಿರ್ತಾರೆ, ಹೆಸರಿನ ಕೊನೆಗೆ "ಎಂಆರ್" ಅಂತ ಏನಾದ್ರೂ ಇದ್ರೆ ತಪ್ಪದೆ ಹಿಂದೆ ತಿರುಗಿಸಿ ಓದಿ. ಟೈಜಾನಿಡಿನ್ ಇದ್ರೆ ಸಿಪ್ರೋ ಕೂಡ್ದು, ಗ್ಯಾಪ್ ಕೊಟ್ಟು ತಗೊಂಡ್ರೂ ಆಗಲ್ಲ, ಎರಡರಲ್ಲೊಂದನ್ನ ಡಾಕ್ಟ್ರು ಬದಲಾಯಿಸ್ಬೇಕು.

ಅದೇ ಕಿಣ್ವದ ದಾರಿಯಲ್ಲಿ ಇನ್ನೂ ಕೆಲವು ಇವೆ. ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ನಮ್ಮಲ್ಲಿ ಡೆರಿಫಿಲಿನ್ ಅಂತ ಎಲ್ಲರಿಗೂ ಗೊತ್ತಿರೋ ಮಾತ್ರೆಯಲ್ಲಿ ಅದಿದೆ, ಸಿಪ್ರೋ ಸೇರಿದ್ರೆ ವಾಂತಿ, ಎದೆ ಡವಡವ, ಫಿಟ್ಸ್‌ವರೆಗೂ ಹೋಗ್ಬಹುದು. ಮನೋರೋಗಕ್ಕೆ ಕೊಡೋ ಕ್ಲೋಜಪಿನ್, ಓಲಾಂಜಪಿನ್, ನರದ ನೋವಿಗೆ ಮತ್ತು ಖಿನ್ನತೆಗೆ ಕೊಡೋ ಡುಲಾಕ್ಸಿಟಿನ್, ಪಾರ್ಕಿನ್ಸನ್ ಕಾಯಿಲೆಯ ರೋಪಿನಿರೋಲ್, ಇವೂ ಏರತ್ತೆ. ಈ ಮಾತ್ರೆಗಳನ್ನ ದಿನಾ ತಗೊಳ್ಳೋರು ತಾವಾಗೇ ನಿಲ್ಲಿಸ್ಬಾರ್ದು, ಸಿಪ್ರೋ ಬರೆಯೋ ಡಾಕ್ಟ್ರಿಗೆ ಹೇಳ್ಬೇಕು. ಕಾಫಿಯಲ್ಲಿರೋ ಕೆಫೀನ್ ಕೂಡ ಇದೇ ದಾರಿ. ದಿನಕ್ಕೆ ನಾಲ್ಕು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯೋರಿಗೆ ಸಿಪ್ರೋ ತಗೊಳ್ಳೋವಾಗ ನಿದ್ದೆ ಬರಲ್ಲ, ಕೈ ನಡುಕ, ಎದೆ ಹೊಡ್ಕೊಳತ್ತೆ ಅಂದ್ರೆ ಕಾರಣ ಇದೇ ಇರ್ಬಹುದು, ಆ ಒಂದು ವಾರ ಬೆಳಗ್ಗೆ ಒಂದು ಅರ್ಧ ಲೋಟಕ್ಕೆ ಇಳಿಸಿ. ಲೆವೋಫ್ಲಾಕ್ಸಾಸಿನ್ ಈ ಕಿಣ್ವದ ತಂಟೆಗೆ ಅಷ್ಟಾಗಿ ಹೋಗಲ್ಲ, ಆದ್ರೆ ಮುಂದೆ ಹೇಳೋ ತೊಂದ್ರೆಗಳು ಅದಕ್ಕೂ ಇವೆ.

ಶುಗರ್, ರಕ್ತ ತೆಳುವಾಗಿಸೋ ಮಾತ್ರೆ, ಹಾರ್ಟು, ಸ್ಟೀರಾಯ್ಡ್

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಈ ಗುಂಪಿನ ಯಾವ ಮಾತ್ರೆ ಕೊಟ್ರೂ ಶುಗರ್ ದಿಢೀರ್ ಇಳಿಯಬಹುದು, ವಯಸ್ಸಾದೋರಲ್ಲಿ ಕೋಮಾಕ್ಕೆ ಹೋದದ್ದೂ ಇದೆ ಅಂತ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಇನ್ನಷ್ಟು ಬಿಗಿ ಮಾಡ್ತು. ಸೋಂಕಾದಾಗ ಊಟ ಬೇರೆ ಸರಿಯಾಗಿ ಸೇರಲ್ಲ, ಆದ್ರೆ ಶುಗರ್ ಮಾತ್ರೆ ಮಾತ್ರ ಎಂದಿನ ಹಾಗೆ ನುಂಗ್ತಾರೆ. ಮನೇಲಿ ಗ್ಲೂಕೋಮೀಟರ್ ಇದ್ರೆ ಕೋರ್ಸ್ ಮುಗಿಯೋವರೆಗೆ ದಿನಕ್ಕೆರಡು ಸಲ ಚುಚ್ಚಿ ನೋಡಿ. ಬೆವರು, ನಡುಕ, ಕಣ್ಣು ಮಂಜು, ತಡ್ಕೊಳ್ಳಕ್ಕಾಗದ ಹಸಿವು, ಗಲಿಬಿಲಿ ಮಾತು ಶುರುವಾದ್ರೆ ಸಕ್ಕರೆ ನೀರು ಕುಡಿಸಿ ಆಮೇಲೆ ಡಾಕ್ಟ್ರಿಗೆ ಫೋನ್ ಮಾಡಿ, ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ದೆ ಸೀದಾ ಆಸ್ಪತ್ರೆ.

ಹಾರ್ಟ್ ವಾಲ್ವ್ ಬದಲಾಯಿಸಿದೋರು ವಾರ್ಫರಿನ್ ಅಥವಾ ಅಸಿಟ್ರೋಮ್ ತಗೋತಾರಲ್ಲ, ಸಿಪ್ರೋ ಅದರ ಬಲ ಹೆಚ್ಚಿಸತ್ತೆ, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ತೋರಿಸೋ ಐಎನ್‌ಆರ್ ಏರತ್ತೆ. ಸಿಪ್ರೋ ಶುರು ಮಾಡಿ ಮೂರು ನಾಲ್ಕು ದಿನದಲ್ಲಿ ಐಎನ್‌ಆರ್ ಮಾಡಿಸಿ, ಮುಗಿದ ಮೇಲೆ ಇನ್ನೊಂದ್ಸಲ. ಹಲ್ಲುಜ್ಜೋವಾಗ ರಕ್ತ, ಮೈ ಮೇಲೆ ನೀಲಿ ಗುರುತು, ಕಪ್ಪು ಮಲ ಕಂಡ್ರೆ ಕಾಯ್ಬೇಡಿ.

ಈ ಗುಂಪೂ ಸೇರಿ ಹೃದಯದ ಬಡಿತದ ತಾಳ ತಪ್ಪಿಸಬಹುದಾದ ಔಷಧಿಗಳು ಒಂದರ ಮೇಲೊಂದು ಬಿದ್ರೆ ಅಪಾಯ. ಅಮಿಯೊಡರೋನ್, ಸೋಟಲಾಲ್ ತಗೊಳ್ಳೋರು, ಇಸಿಜಿಯಲ್ಲಿ ಕ್ಯೂಟಿ (ಒಂದು ಬಡಿತ ಆಗಿ ಹೃದಯ ಮುಂದಿನದಕ್ಕೆ ತಯಾರಾಗೋ ಹೊತ್ತು) ಉದ್ದ ಇದೆ ಅಂತ ಹೇಳಿಸ್ಕೊಂಡೋರು, ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದಿರೋರು ಡಾಕ್ಟ್ರಿಗೆ ಬಿಡಿಸಿ ಹೇಳಿ. ಅಜಿತ್ರೋಮೈಸಿನ್, ವಾಂತಿಗೆ ಕೊಡೋ ಒಂಡಾನ್‌ಸೆಟ್ರಾನ್, ಗ್ಯಾಸ್ ಮಾತ್ರೆಯಲ್ಲಿ ಸೇರಿಸಿರೋ ಡಾಂಪೆರಿಡೋನ್ ಇವೂ ಅದೇ ಸಾಲಿನವು. ಗ್ಯಾಸ್ ಮಾತ್ರೆ ತಾನೇ ಅಂತ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಹಾರ್ಟಿನ ಕಾಯಿಲೆ ಇರೋ ವಯಸ್ಸಾದೋರಿಗೆ ಡಾಂಪೆರಿಡೋನ್ ಇಲ್ದಿರೋ ಬರೀ ಪ್ಯಾಂಟೋಪ್ರಜೋಲ್ ಸಾಕಾಗತ್ತಾ ಅಂತ ಕೇಳಿ, ಎಷ್ಟೋ ಸಲ ಸಾಕಾಗತ್ತೆ.

ಇನ್ನು ಸ್ಟೀರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ತಗೊಳ್ತಿರೋರು ಮತ್ತು 60 ದಾಟಿದೋರಲ್ಲಿ ಈ ಗುಂಪಿನ ಮಾತ್ರೆಯಿಂದ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ ಊದ್ಕೊಳ್ಳೋ, ಹರಿಯೋ ಅಪಾಯ ಹೆಚ್ಚು, ಸಾಮಾನ್ಯವಾಗಿ ಹಿಮ್ಮಡಿ ಹಿಂದಿನ ದಪ್ಪ ಹುರಿ. 2008ರಲ್ಲೇ ಎಫ್‌ಡಿಎ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸ್ತು. ಮಂಡಿ ನೋವಿಗೆ ಅಂತ ಹೆಸರಿಲ್ದ ಪೊಟ್ಟಣದಲ್ಲಿ ಸಿಗೋ ಮಾತ್ರೆ ತಗೊಳ್ಳೋರು ನಮ್ಮ ಕಡೆ ತುಂಬಾ ಜನ, ಅದರಲ್ಲಿ ಸ್ಟೀರಾಯ್ಡ್ ಇರೋದು ಅವರಿಗೇ ಗೊತ್ತಿರಲ್ಲ, ಹಾಗಾಗಿ ಆ ಪೊಟ್ಟಣವನ್ನೂ ತಂದು ತೋರಿಸಿ, ನಾಚಿಕೆ ಏನೂ ಬೇಡ.

ನೋವಿನ ಮಾತ್ರೆಗಳು, ಅಂದ್ರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು, ಸಿಪ್ರೋ ಜೊತೆ ಸೇರಿದ್ರೆ ಫಿಟ್ಸ್ ಸಾಧ್ಯತೆ ಹೆಚ್ಚಾಗತ್ತೆ, ಮುಂಚೆ ಫಿಟ್ಸ್ ಇದ್ದೋರಿಗಂತೂ ಇನ್ನೂ ಹೆಚ್ಚು, ಜ್ವರ ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಫಿಟ್ಸ್ ತಡೆಯೋಕೆ ಫಿನೈಟೋಯಿನ್ ತಗೊಳ್ಳೋರಿಗೆ ಅದರ ಮಟ್ಟ ಏರುಪೇರಾಗತ್ತೆ, ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತಗೊಳ್ಳೋರಿಗೆ ಅದು ಮೈಯಲ್ಲಿ ಉಳ್ಕೊಂಡು ವಿಷವಾಗ್ಬಹುದು.

ಯಾರು ಮುಂಚೆನೇ ಹೇಳ್ಕೋಬೇಕು

ಗರ್ಭಿಣಿ, ಹಾಲೂಡಿಸೋ ತಾಯಿ, 18 ತುಂಬದ ಮಕ್ಕಳು (ಮಕ್ಕಳಿಗೆ ಕೊಡ್ಲೇಬೇಕಾದ ಕೆಲವು ಸಂದರ್ಭ ಇವೆ, ಅದು ಮಕ್ಕಳ ಡಾಕ್ಟ್ರ ತೀರ್ಮಾನ), ಕಿಡ್ನಿ ಕಮ್ಮಿ ಕೆಲಸ ಮಾಡೋರು, ಯಾಕಂದ್ರೆ ಇದು ಹೆಚ್ಚಾಗಿ ಮೂತ್ರದಲ್ಲೇ ಹೋಗೋದು, ಕ್ರಿಯಾಟಿನಿನ್ ನೋಡಿ ಡೋಸ್ ಇಳಿಸ್ತಾರೆ. ಫಿಟ್ಸ್ ಇರೋರು, ರಕ್ತದಲ್ಲಿ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರು, ಮಹಾಧಮನಿ ಉಬ್ಬಿದೆ ಅಂತ ಸ್ಕ್ಯಾನಲ್ಲಿ ಬಂದೋರು. ಮಯಸ್ತೇನಿಯಾ ಗ್ರೇವಿಸ್ ಅನ್ನೋ ಸ್ನಾಯು ಸೋಲೋ ಕಾಯಿಲೆ ಇರೋರಿಗೆ ಉಸಿರಾಟದ ಸ್ನಾಯುಗಳೇ ಸೋತುಹೋಗ್ಬಹುದು, ಅವರಿಗೆ ಈ ಗುಂಪು ಬೇಡವೇ ಬೇಡ.

ಹೇಗೆ ಹೇಳೋದು ಅಂದ್ರೆ, ಬಾಯಲ್ಲಿ "ಬಿಪಿಗೆ ಒಂದು ಬಿಳೀ ಮಾತ್ರೆ" ಅನ್ಬೇಡಿ. ಮನೇಲಿ ಆ ವ್ಯಕ್ತಿ ತಗೊಳ್ಳೋ ಎಲ್ಲಾ ಶೀಟು, ಸಿರಪ್ಪು, ನಾಟಿ ಔಷಧಿ, ಮೂಳೆಗೆ ನಿಶ್ಶಕ್ತಿಗೆ ಅಂತ ತಗೊಳ್ಳೋದು, ಎಲ್ಲಾ ಒಂದು ಕವರಿಗೆ ಹಾಕ್ಕೊಂಡು ಡಾಕ್ಟ್ರ ಹತ್ರ ಹೋಗಿ, ಇಲ್ಲಾ ಅಂಗಡಿಗೆ ತನ್ನಿ. ಎಲ್ಲಾ ಕೌಂಟರ್ ಮೇಲೆ ಹರಡಿ ಐದು ನಿಮಿಷ ನೋಡಿದ್ರೆ ಸಾಕು, ಜೋಡಿ ಆಗದ್ದು ಕಣ್ಣಿಗೆ ಬೀಳತ್ತೆ.

ಇವು ಕಂಡ್ರೆ ಮಾತ್ರೆ ನಿಲ್ಲಿಸಿ ಡಾಕ್ಟ್ರಿಗೆ ತಿಳಿಸಿ

ಹಿಮ್ಮಡಿ, ಭುಜ, ಕೈ ಹುರಿಗಳಲ್ಲಿ ನೋವು ಊತ, ಇದು ಕೋರ್ಸ್ ಮುಗಿದು ತಿಂಗಳುಗಳಾದ ಮೇಲೂ ಬರ್ಬಹುದು, ಬಂದಾಗ ಎಣ್ಣೆ ಹಚ್ಚಿ ತಿಕ್ಕಬೇಡಿ, ಆ ಕಾಲಿಗೆ ಭಾರ ಹಾಕ್ಬೇಡಿ. ಕೈಕಾಲು ಜುಮ್ಮೆನ್ನೋದು, ಉರಿ, ಸ್ಪರ್ಶ ಗೊತ್ತಾಗ್ದಿರೋದು, ಇದು ಕೆಲವರಲ್ಲಿ ಹಾಗೇ ಉಳಿದುಬಿಡತ್ತೆ, ಶುಗರ್ ಇರೋರು ಹಳೇ ಜುಮ್ಮು ಅಂತ ಸುಮ್ಮನಿರ್ಬೇಡಿ. ಇದ್ದಕ್ಕಿದ್ದ ಹಾಗೆ ಗಾಬರಿ, ಗಲಿಬಿಲಿ, ಇಲ್ಲದ್ದು ಕಾಣೋದು, ಸಾಯ್ಬೇಕು ಅನ್ಸೋದು. ಚರ್ಮದ ಮೇಲೆ ದದ್ದು, ಮುಖ ಊದೋದು, ಕಣ್ಣು ಹಳದಿ. ದಿನಕ್ಕೆ ಹತ್ತಾರು ಸಲ ನೀರುಭೇದಿ, ಮಲದಲ್ಲಿ ರಕ್ತ, ಇದಕ್ಕೆ ಭೇದಿ ಕಟ್ಟೋ ಮಾತ್ರೆ ನೀವಾಗೇ ತಗೋಬೇಡಿ. ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಹಠಾತ್ತನೆ ಸೀಳಿದ ಹಾಗೆ ನೋವು ಬಂದ್ರೆ ಡಾಕ್ಟ್ರಿಗೆ ಫೋನ್ ಮಾಡ್ತಾ ಕೂರೋ ಹೊತ್ತಲ್ಲ, 108 ಕರೀರಿ.

ಬಿಸಿಲಿಗೆ ಚರ್ಮ ಬೇಗ ಸುಡತ್ತೆ, ಹೊಲದ ಕೆಲಸ ಇರೋರು ತುಂಬು ತೋಳಿನ ಅಂಗಿ, ತಲೆಗೆ ಟವೆಲ್ ಹಾಕ್ಕೊಳ್ಳಿ. ತಲೆ ತಿರುಗಿದ ಹಾಗೆ ಆದ್ರೆ ಬೈಕ್ ಓಡಿಸ್ಬೇಡಿ, ಮರ ಹತ್ತಬೇಡಿ.

ಕಣ್ಣಿಗೆ ಕಿವಿಗೆ ಹಾಕೋ ಸಿಪ್ರೋ ಡ್ರಾಪ್ಸ್ ಬಗ್ಗೆನೂ ಕೇಳ್ತಾರೆ. ಅದರಿಂದ ರಕ್ತಕ್ಕೆ ಸೇರೋದು ತೀರಾ ಕಮ್ಮಿ, ಹಾಲು, ಕ್ಯಾಲ್ಸಿಯಂ ಲೆಕ್ಕ ಅದಕ್ಕಿಲ್ಲ. ಕಣ್ಣಿನ ಕರಿಗುಡ್ಡೆ ಹುಣ್ಣಿಗೆ ಗಂಟೆಗೊಂದು ಸಲ ಹಾಕೋವಾಗ ಹುಣ್ಣಿನ ಮೇಲೆ ಬಿಳೀ ಪುಡಿ ಕೂತ ಹಾಗೆ ಕಾಣ್ಬಹುದು, ಅದು ಔಷಧಿಯೇ ಅಲ್ಲಿ ಗಟ್ಟಿಯಾಗಿರೋದು, ಬೆರಳಲ್ಲಿ ಒರೆಸ್ಬೇಡಿ, ಡಾಕ್ಟ್ರು ಹೇಳಿದಷ್ಟು ದಿನ ಹಾಕ್ತಾ ಇರಿ, ಮುಂದಿನ ಸಲ ತೋರಿಸೋಕೆ ಹೋದಾಗ ಅವರಿಗೆ ಹೇಳಿ.